ಕಪ್ಪು ಕಿಟಕಿಯೊಳಗಿನ ಟೆಲಿಪ್ರಿಂಟರ್

ಟೆಲಿಫೋನ್ ವಿನಿಮಯ ಕೇಂದ್ರದಲ್ಲೋ, ಬ್ಯಾಂಕಿನ ಒಳಕೋಣೆಯಲ್ಲೋ, ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲೋ ಜಾಲದ ಯಂತ್ರವೊಂದು ಕೈಕೊಟ್ಟಿತೆನ್ನಿ. ಅದನ್ನು ಸರಿಪಡಿಸಲು ಬರುವ ಎಂಜಿನಿಯರ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ತಿಳಿನೀಲಿ ಬಣ್ಣದ ಕೇಬಲ್ಲೊಂದನ್ನು ಯಂತ್ರದ ಬೆನ್ನಿಗೆ ಸಿಕ್ಕಿಸುತ್ತಾರೆ. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ, ಮೌಸ್‌ಗೆ ಹೆಚ್ಚು ಕೆಲಸವೂ ಇಲ್ಲ. ಬಿಳಿ ಅಕ್ಷರಗಳ ಸಾಲು ಮಾತ್ರ ಒಂದರ ಕೆಳಗೊಂದು ಮೂಡುತ್ತಾ ಹೋಗುತ್ತದೆ. ಬೆರಳು ಸೋಕಿಸಿದರೆ ಸಾಕು, ಫೋನೇ ಮಾತಾಡುವ ಈ ಕಾಲದಲ್ಲಿ ಇದೆಂಥ ಹಳೆಯ ಸಾಮಾನು ಎಂದು ನೋಡಿದವರಿಗೆ ಅನಿಸಿದರೆ ಆಶ್ಚರ್ಯವಿಲ್ಲ.

ಸಾಮಾನು ಹಳೆಯದು ಎಂಬುದು ನಿಜ. ಈ ಕಿಟಕಿಗೆ 'ಟರ್ಮಿನಲ್ ಎಮ್ಯುಲೇಟರ್' ಎಂದು ಹೆಸರು. ಅಂದರೆ, ಟರ್ಮಿನಲ್ ಎಂಬ ಯಂತ್ರದ ವೇಷ ಹಾಕಿಕೊಂಡಿರುವ ತಂತ್ರಾಂಶ. ಅದು ಅನುಕರಿಸುವುದು 1978ರ ಒಂದು ಯಂತ್ರವನ್ನು. ಆ ಯಂತ್ರವೋ ಅದಕ್ಕೂ ಹಿಂದಿನ ಟೆಲಿಪ್ರಿಂಟರನ್ನು ಅನುಕರಿಸುತ್ತಿತ್ತು. ವೇಷದೊಳಗೊಂದು ವೇಷವಿರುವ ಈ ಪಾತ್ರ ಇನ್ನೂ ರಂಗದ ಮೇಲೆ ಏಕಿದೆ? ಈ ತಂತ್ರಾಂಶಗಳನ್ನು ಬರೆದು, ಒಳಗುಟ್ಟಿನ ಸಮೇತ ಉಚಿತವಾಗಿ ಹಂಚುತ್ತಿರುವವರು ಯಾರು? ಅದರಲ್ಲಿ ನಮ್ಮ ಕನ್ನಡಕ್ಕೆ ಎಷ್ಟು ಜಾಗವಿದೆ?

ಸುದ್ದಿಮನೆಯಿಂದ ಗಣಕಯಂತ್ರಕ್ಕೆ

ಟೆಲಿಪ್ರಿಂಟರ್ ಪತ್ರಿಕೆಗಳವರಿಗೆ ಹೊಸದಲ್ಲ. ಪಿಟಿಐ, ಯುಎನ್‌ಐ ಸುದ್ದಿಗಳು ದಶಕಗಳ ಕಾಲ ಬಂದದ್ದು ಈ ಯಂತ್ರದ ಟಕಟಕ ಸದ್ದಿನೊಂದಿಗೇ. ಇವುಗಳನ್ನು ನಮ್ಮಲ್ಲೇ ತಯಾರಿಸಲೆಂದು ಮದರಾಸಿನಲ್ಲಿ 1960ರಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಎಂಬ ಸರ್ಕಾರಿ ಕಾರ್ಖಾನೆಯೇ ಹುಟ್ಟಿಕೊಂಡಿತ್ತು. ಒಂದೂರಿನಲ್ಲಿ ಕೀಲಿ ಒತ್ತಿದರೆ ಇನ್ನೊಂದೂರಿನಲ್ಲಿ ಅಕ್ಷರ ಅಚ್ಚಾಗುವ ಈ ವಿದ್ಯೆಯ ಹಿರಿಯರಲ್ಲಿ ಒಬ್ಬರು ಫ್ರಾನ್ಸಿನ ತಂತಿ ಎಂಜಿನಿಯರ್ ಎಮಿಲ್ ಬೋಡೊ. ಪ್ರತಿ ಅಕ್ಷರಕ್ಕೂ ಐದು ವಿದ್ಯುತ್ ಸ್ಪಂದನಗಳ ಸಂಕೇತ ಎಂಬ ಪದ್ಧತಿಯನ್ನು 1870ರ ದಶಕದಲ್ಲಿ ರೂಪಿಸಿದವರು ಇವರು. ತಂತಿಯ ವೇಗವನ್ನು ಅಳೆಯುವ 'ಬಾಡ್' ಎಂಬ ಮಾನ ಇವರ ಹೆಸರಿನಿಂದಲೇ ಬಂದದ್ದು.

ಅಮೆರಿಕದ ಟೆಲಿಟೈಪ್ ಕಂಪೆನಿ 1963ರಲ್ಲಿ 'ಮಾಡೆಲ್ 33' ಎಂಬ ಅಗ್ಗದ ಟೆಲಿಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ 'ಆಸ್ಕಿ' ಎಂಬ ಅಕ್ಷರ ಸಂಕೇತಗಳ ಪಟ್ಟಿಯೂ ಪ್ರಕಟವಾಯಿತು. ಆಗಿನ ಗಣಕಯಂತ್ರಗಳಿಗೆ ಪರದೆ ಇರಲಿಲ್ಲ. ಅವುಗಳೊಡನೆ ಮಾತಾಡಲು ಒಂದು ಕೀಲಿಮಣೆ ಮತ್ತು ಒಂದು ಮುದ್ರಣಯಂತ್ರ ಬೇಕಿತ್ತು. ಎರಡೂ ಒಟ್ಟಿಗಿದ್ದ ಟೆಲಿಟೈಪ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಲು ತೊಡಗಿದಾಗ ಎದುರಿಗಿದ್ದದ್ದು ಇದೇ ಬಗೆಯ ಯಂತ್ರ. ಇಂದಿಗೂ ಯುನಿಕ್ಸ್ ಮತ್ತು ಲಿನಕ್ಸ್‌ಗಳಲ್ಲಿ ಟರ್ಮಿನಲ್ಲಿಗೆ 'ಟಿಟಿವೈ' ಎಂದೇ ಹೆಸರು. ಅದು ಟೆಲಿಟೈಪ್ ಎಂಬುದರ ಮೊಟಕು ರೂಪ.

ಹೆಸರಷ್ಟೇ ಉಳಿದದ್ದಲ್ಲ, ಅಭ್ಯಾಸಗಳೂ ಉಳಿದವು. ಟೆಲಿಟೈಪಿನಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕಿತ್ತು: ಅಚ್ಚಿನ ತಲೆ ಎಡತುದಿಗೆ ಮರಳಬೇಕು, ಕಾಗದ ಒಂದು ಸಾಲು ಮೇಲೇರಬೇಕು. ಎರಡಕ್ಕೂ ಬೇರೆ ಬೇರೆ ಸಂಕೇತ. ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುತ್ತಿದ್ದ ಯಂತ್ರದಲ್ಲಿ ತಲೆ ಹಿಂದಕ್ಕೆ ಬರಲು ಸ್ವಲ್ಪ ಸಮಯ ಬೇಕಾದ್ದರಿಂದ ಎರಡು ಸಂಕೇತಗಳಿದ್ದದ್ದು ಅನುಕೂಲವೇ ಆಯಿತು. ಕಾಗದ ಹೋಗಿ ಅರ್ಧ ಶತಮಾನವಾದರೂ ವಿಂಡೋಸ್ ಇವತ್ತಿಗೂ ಸಾಲಿನ ಕೊನೆಗೆ ಎರಡೂ ಸಂಕೇತಗಳನ್ನು ಬರೆಯುತ್ತದೆ. ಯುನಿಕ್ಸ್ ಒಂದನ್ನೇ ಬರೆಯುತ್ತದೆ. ಲಿನಕ್ಸಿನಲ್ಲಿ ಸಿದ್ಧವಾದ ಕಡತವನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲುಗಳೆಲ್ಲ ಒಂದೇ ಉದ್ದ ಹಗ್ಗದಂತೆ ಕಾಣುತ್ತಿದ್ದದ್ದು ಈ ಕಾರಣಕ್ಕೆ. ನೋಟ್‌ಪ್ಯಾಡ್ ತಿದ್ದಿಕೊಂಡದ್ದು 2018ರಲ್ಲಿ!

ಗಾಜಿನ ಟೆಲಿಪ್ರಿಂಟರ್

1970ರ ದಶಕದಲ್ಲಿ ಕಾಗದದ ಜಾಗಕ್ಕೆ ಗಾಜಿನ ಪರದೆ ಬಂದಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ 'ವಿಟಿ-100' ಈ ಪೀಳಿಗೆಯ ಮಾದರಿಯಾಯಿತು. ಅದರ ಪರದೆಯಲ್ಲಿ ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 24 ಸಾಲು. ಈ 80ರ ಲೆಕ್ಕ 1928ರಿಂದ ಬಳಕೆಯಲ್ಲಿದ್ದ ಐಬಿಎಂ ಪಂಚ್ ಕಾರ್ಡಿನ 80 ಕಾಲಂಗಳ ರೂಢಿಯ ಮುಂದುವರಿಕೆ.

ಕಾಗದದ ಮೇಲೆ ಬಿದ್ದ ಅಕ್ಷರವನ್ನು ಅಳಿಸಲಾಗದು, ಪರದೆಯ ಮೇಲಿನದನ್ನು ಅಳಿಸಬಹುದು. ಹಾಗಾದರೆ 'ಅಳಿಸು', 'ಮೇಲಿನ ಮೂಲೆಗೆ ಹೋಗು', 'ಅಕ್ಷರ ದಪ್ಪವಾಗಲಿ' ಎಂಬ ಆಜ್ಞೆಗಳನ್ನು ಅದೇ ತಂತಿಯಲ್ಲಿ ಕಳಿಸುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯ ಸರಳ. ಆಸ್ಕಿ ಪಟ್ಟಿಯಲ್ಲಿ 27ನೆಯದಾಗಿರುವ 'ಎಸ್ಕೇಪ್' ಸಂಕೇತ ಬಂದರೆ, ಅದರ ಹಿಂದೆ ಬರುವುದು ಓದುವ ಅಕ್ಷರವಲ್ಲ, ಪಾಲಿಸಬೇಕಾದ ಅಪ್ಪಣೆ ಎಂದು ಯಂತ್ರ ತಿಳಿಯಬೇಕು. ನಾಟಕದ ಹಸ್ತಪ್ರತಿಯಲ್ಲಿ ಸಂಭಾಷಣೆಯ ನಡುವೆ ಆವರಣದೊಳಗೆ ರಂಗಸೂಚನೆ ಬರೆದಂತೆ ಇದು. ಈ ಸೂಚನೆಗಳಿಗೆ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆಯೂ ಬಿದ್ದಿತು. ಇಂದಿನ ಪ್ರತಿಯೊಂದು ಟರ್ಮಿನಲ್ ತಂತ್ರಾಂಶವೂ ಈ ರಂಗಸೂಚನೆಗಳನ್ನು ಅರಿತಿರಲೇಬೇಕು.

ನಮ್ಮ ರೈಲು ನಿಲ್ದಾಣಗಳ ಮುಂಗಡ ಟಿಕೆಟ್ ಕೌಂಟರುಗಳಲ್ಲಿ, ಗಾಜಿನಾಚೆ ಕುಳಿತ ಗುಮಾಸ್ತರ ಎದುರು ಬರೀ ಅಕ್ಷರಗಳ ಪರದೆ ಮಿನುಗುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಅದು ಸ್ವಂತ ಬುದ್ಧಿಯ ಗಣಕಯಂತ್ರವಲ್ಲ. ದೂರದಲ್ಲಿದ್ದ ದೊಡ್ಡ ಯಂತ್ರದ ಕಣ್ಣು ಮತ್ತು ಬೆರಳು ಮಾತ್ರ. ಮೇಜಿನ ಗಣಕಯಂತ್ರಗಳು ಅಗ್ಗವಾದ ಮೇಲೆ ಈ ಕೆಲಸಕ್ಕೆಂದೇ ಬೇರೆ ಪೆಟ್ಟಿಗೆ ಕೊಳ್ಳುವ ಅಗತ್ಯ ಉಳಿಯಲಿಲ್ಲ. ವಿಟಿ-100 ಒಂದು ತಂತ್ರಾಂಶವಾಗಿ ಕಿಟಕಿಯೊಳಕ್ಕೆ ಸೇರಿಕೊಂಡಿತು. 1984ರಲ್ಲಿ ಹುಟ್ಟಿದ 'ಎಕ್ಸ್‌ಟರ್ಮ್' ಇವುಗಳಲ್ಲಿ ಹಿರಿಯದು. ಅದು ಇಂದಿಗೂ ಬಳಕೆಯಲ್ಲಿದೆ.

ಮೂರು ತಂತಿಗಳ ಮಾತು

ಆ ನೀಲಿ ಕೇಬಲ್ಲಿನೊಳಗೆ ನಡೆಯುವುದೇನು? ಅದು 'ಸೀರಿಯಲ್' ಸಂಪರ್ಕ, ಅಂದರೆ ಒಂದರ ಹಿಂದೊಂದು ಸಾಲಾಗಿ ಬರುವ ಸಂಕೇತಗಳ ದಾರಿ. ಇದರ ಕಟ್ಟಳೆಗೆ 'ಆರ್‌ಎಸ್-232' ಎಂದು ಹೆಸರು. 1960ರಲ್ಲಿ ಮೊದಲು ರೂಪುಗೊಂಡು 1969ರಲ್ಲಿ ಬಹುಕಾಲ ಉಳಿದ ರೂಪ ಪಡೆಯಿತು. ಕನಿಷ್ಠ ಮೂರು ತಂತಿಗಳಿದ್ದರೆ ಕೆಲಸ ನಡೆಯುತ್ತದೆ: ಕಳಿಸಲು ಒಂದು, ಪಡೆಯಲು ಒಂದು, ಇಬ್ಬರಿಗೂ ಸಾಮಾನ್ಯವಾದ ನೆಲ ಒಂದು. ತಂತಿಯ ಮೇಲೆ 3ರಿಂದ 15 ವೋಲ್ಟ್ ಧನ ವಿದ್ಯುತ್ತಿದ್ದರೆ ಅದು ಸೊನ್ನೆ, ಅಷ್ಟೇ ಋಣ ವಿದ್ಯುತ್ತಿದ್ದರೆ ಅದು ಒಂದು. ಎರಡು ಗಣಕಯಂತ್ರಗಳನ್ನು ನೇರವಾಗಿ ಜೋಡಿಸುವಾಗ ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಬರುವಂತೆ ತಂತಿಗಳನ್ನು ಅಡ್ಡ ಬದಲಿಸಬೇಕು.

ಈ ಇಬ್ಬರಿಗೂ ಒಂದೇ ಗಡಿಯಾರವಿಲ್ಲ ಎಂಬುದು ಸ್ವಾರಸ್ಯ. ಆದ್ದರಿಂದ ಮೊದಲೇ ಮಾತು ಕೊಟ್ಟುಕೊಂಡಿರಬೇಕು: ಸೆಕೆಂಡಿಗೆ ಇಷ್ಟು ಬಿಟ್, ಅಕ್ಷರಕ್ಕೆ ಇಷ್ಟು ಬಿಟ್ ಎಂದು. ತುಂಬ ಬಳಕೆಯ ಒಪ್ಪಂದ ಸೆಕೆಂಡಿಗೆ 9600 ಬಿಟ್. ಅಕ್ಷರಕ್ಕೆ ಎಂಟು ಬಿಟ್, ಅದರ ಮುಂದೆ 'ಶುರು' ಎನ್ನಲು ಒಂದು, ಹಿಂದೆ 'ಮುಗಿಯಿತು' ಎನ್ನಲು ಒಂದು, ಒಟ್ಟು ಹತ್ತು. ಅಂದರೆ ಸೆಕೆಂಡಿಗೆ 960 ಅಕ್ಷರ. 80 ಅಡ್ಡ, 24 ಸಾಲಿನ ಪರದೆಯಲ್ಲಿ 1920 ಅಕ್ಷರಗಳು ಹಿಡಿಯುವುದರಿಂದ ಪರದೆ ತುಂಬಲು ಸರಿಯಾಗಿ ಎರಡು ಸೆಕೆಂಡು. ಮಾಡೆಲ್ 33 ಇದಕ್ಕೆ ಮೂರು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತಿತ್ತು. ಎರಡು ತುದಿಗಳ ವೇಗ ಹೊಂದದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಗೀಚುಗಳು ಸುರಿಯುತ್ತವೆ. ಟರ್ಮಿನಲ್ ತಂತ್ರಾಂಶ ತೆರೆದಾಗ ಮೊದಲು ಕಾಣುವ ಅಂಕಿಗಳ ಪಟ್ಟಿ ಈ ಒಪ್ಪಂದದ ಷರತ್ತುಗಳೇ.

ಇಷ್ಟು ನಿಧಾನದ ದಾರಿಯನ್ನು ಇನ್ನೂ ಏಕೆ ಇಟ್ಟುಕೊಳ್ಳಬೇಕು? ಅಂತರ್ಜಾಲದ ಮೂಲಕ ಯಂತ್ರವನ್ನು ಮುಟ್ಟಬೇಕಾದರೆ ಅದರ ಜಾಲಭಾಗ ಮೊದಲು ಎದ್ದು ಕೂತಿರಬೇಕು. ಯಂತ್ರ ಏಳುವ ಮೊದಲೇ ಮುಗ್ಗರಿಸಿದರೆ, ಅಥವಾ ಯಾರೋ ತಪ್ಪು ಆಜ್ಞೆ ಕೊಟ್ಟು ಜಾಲದ ಬಾಗಿಲನ್ನು ಒಳಗಿನಿಂದ ಮುಚ್ಚಿದರೆ, ಮುಂಬಾಗಿಲಿನಿಂದ ಪ್ರವೇಶವಿಲ್ಲ. ಸೀರಿಯಲ್ ಕಿಂಡಿ ಮಾತ್ರ ಯಂತ್ರ ಕಣ್ಣು ಬಿಡುವ ಹೊತ್ತಿನಿಂದಲೇ ಮಾತಾಡುತ್ತಿರುತ್ತದೆ. ಆಪತ್ತಿಗೆ ಒದಗುವ ಹಿತ್ತಲ ಬಾಗಿಲು ಅದು. ಲ್ಯಾಪ್‌ಟಾಪ್‌ಗಳಿಂದ ಈ ಕಿಂಡಿ ಮಾಯವಾಗಿದ್ದರೂ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಸಣ್ಣ ಜೋಡಣೆಗಳು ಆ ಕೊರತೆ ತುಂಬುತ್ತವೆ. ವಿದ್ಯಾರ್ಥಿಗಳು ಬಳಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳೂ ಇದೇ ಭಾಷೆ ಆಡುತ್ತವೆ. ಆದರೆ ಅವುಗಳ ವೋಲ್ಟೇಜು 3.3 ಅಥವಾ 5 ಮಾತ್ರ. ಹಳೆಯ ಆರ್‌ಎಸ್-232 ತಂತಿಯನ್ನು ನೇರ ಸಿಕ್ಕಿಸಿದರೆ ಬೋರ್ಡು ಸುಟ್ಟೀತು.

ತಂತಿಯಲ್ಲಿ ಬೆತ್ತಲೆಯಾದ ಗುಪ್ತಪದ

ತಂತಿ ಕಣ್ಣೆದುರಿಗೇ ಇದ್ದಾಗ ಕಳ್ಳನ ಭಯವಿಲ್ಲ. ಯಂತ್ರ ದೂರದೂರಿನಲ್ಲಿದ್ದಾಗ ಪ್ರಶ್ನೆ ಏಳುತ್ತದೆ. ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್ 1969ರಲ್ಲಿ ಶುರುವಾದಾಗಲೇ 'ಟೆಲ್ನೆಟ್' ಎಂಬ ದೂರಸಂಪರ್ಕ ವಿಧಾನ ಹುಟ್ಟಿತು. ಅದು ಅಕ್ಷರಗಳನ್ನು ಅಂಚೆಕಾರ್ಡಿನಂತೆ ತೆರೆದೇ ಸಾಗಿಸುತ್ತಿತ್ತು. ಬರೆದ ಗುಪ್ತಪದವನ್ನೂ ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಪರಸ್ಪರ ಪರಿಚಿತರಾದ ಕೆಲವೇ ವಿಜ್ಞಾನಿಗಳ ಜಾಲದಲ್ಲಿ ಇದು ದೊಡ್ಡ ಕೊರತೆ ಎನಿಸಿರಲಿಲ್ಲ.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದ ಕದಿಯುವ ದಾಳಿ ನಡೆಯಿತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಇದಕ್ಕೆ ಮದ್ದಾಗಿ 'ಎಸ್‌ಎಸ್‌ಎಚ್' ಎಂಬ ವಿಧಾನವನ್ನು ಬರೆದು ಅದೇ ಜುಲೈಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಸಾಗುವುದೆಲ್ಲ ಗೂಢಲಿಪಿಯಲ್ಲಿ ಸಾಗುವುದು ಇದರ ಸೂತ್ರ. ಗುಪ್ತಪದದ ಬದಲು ಜೋಡಿ ಕೀಲಿಗಳನ್ನೂ ಬಳಸಬಹುದು. ಒಂದು ಕೀಲಿ ಗುಟ್ಟಿನದು, ನಮ್ಮಲ್ಲೇ ಇರುತ್ತದೆ; ಇನ್ನೊಂದು ಬಹಿರಂಗ, ದೂರದ ಯಂತ್ರದಲ್ಲಿರುತ್ತದೆ. ಗುಟ್ಟಿನ ಕೀಲಿಯಿಂದ ಹಾಕಿದ 'ಸಹಿ'ಯನ್ನು ಬಹಿರಂಗ ಕೀಲಿ ಪರೀಕ್ಷಿಸಬಲ್ಲದು, ಆದರೆ ತಾನೇ ಸಹಿ ಹಾಕಲಾರದು. ಆ ವರ್ಷದ ಕೊನೆಗೆ 50 ದೇಶಗಳ ಸುಮಾರು 20,000 ಮಂದಿ ಇದರ ಬಳಕೆದಾರರಾಗಿದ್ದರು.

ಮುಂದೆ ಯುಲೋನೆನ್ ಕಂಪೆನಿ ಕಟ್ಟಿದರು. ಹೊಸ ಆವೃತ್ತಿಗಳ ಪರವಾನಗಿ ಬಿಗಿಯಾಗುತ್ತ ಹೋಯಿತು. ಆಗ ಕೆನಡಾದಲ್ಲಿ ನೆಲೆಯಿದ್ದ ಓಪನ್‌ಬಿಎಸ್‌ಡಿ ತಂಡ, ಮೊದಲಿನ ಮುಕ್ತ ಆವೃತ್ತಿಯೊಂದನ್ನು ಆಧಾರವಾಗಿಟ್ಟುಕೊಂಡು 1999ರ ಡಿಸೆಂಬರಿನಲ್ಲಿ 'ಓಪನ್‌ಎಸ್‌ಎಸ್‌ಎಚ್' ಹೊರತಂದಿತು. ಲೋಕದ ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿ ಇರುವುದು ಇದೇ. ಮುಕ್ತವಾಗಿ ಕೊಟ್ಟದ್ದನ್ನು ಆಮೇಲೆ ಹಿಂತೆಗೆದುಕೊಳ್ಳಲಾಗದು ಎಂಬ ಪರವಾನಗಿಯ ಬಲ ಇಲ್ಲಿ ಕೆಲಸ ಮಾಡಿತು.

ಕೇಂಬ್ರಿಜ್‌ನ 'ಪುಟ್ಟಿ'

ದೊಡ್ಡ ಯಂತ್ರಗಳು ಯುನಿಕ್ಸ್, ಮೇಜಿನ ಮೇಲಿನದು ವಿಂಡೋಸ್: 1990ರ ದಶಕದ ಕೊನೆಯ ಸ್ಥಿತಿ ಇದು. ವಿಂಡೋಸಿನಿಂದ ಆಚೆಗೆ ಸುರಕ್ಷಿತವಾಗಿ ಹೋಗಲು ಉಚಿತ ದಾರಿ ಬೇಕಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನ ಪ್ರೋಗ್ರಾಮರ್ ಸೈಮನ್ ಟೇಥಮ್ ಆ ದಾರಿ ಮಾಡಿದರು. ಅವರು 1999ರಲ್ಲಿ ಸಾರ್ವಜನಿಕರಿಗೆ ಕೊಟ್ಟ 'ಪುಟ್ಟಿ' ಕನ್ನಡಿಗರ ಕಿವಿಗೆ ಮನೆಮಗುವಿನ ಹೆಸರಿನಂತೆ ಕೇಳಿಸಿದರೂ, ಇಂಗ್ಲಿಷ್ ಕಾಗುಣಿತದಲ್ಲಿ ಅದರ ಕೊನೆಗಿರುವುದು ಆ ಹಳೆಯ 'ಟಿಟಿವೈ'ಯೇ. ಯಾವ ಸ್ಥಾಪನೆಯ ಗೋಜೂ ಇಲ್ಲದೆ ಒಂದೇ ಕಡತವಾಗಿ ಓಡುವ ಅದು ಕಚೇರಿಯಿಂದ ಕಚೇರಿಗೆ ಹರಡಿತು. 2007ರ ಆವೃತ್ತಿಯಲ್ಲಿ ಸೀರಿಯಲ್ ಕಿಂಡಿಗೂ ಸಂಪರ್ಕ ಸಿಕ್ಕಿತು. ವಿಂಡೋಸ್ ತನ್ನದೇ ಎಸ್‌ಎಸ್‌ಎಚ್ ಒದಗಿಸಿದ್ದು 2018ರಲ್ಲಿ. ಅಲ್ಲಿಯತನಕ ವಿಂಡೋಸ್ ಬಳಸುವ ಎಷ್ಟೋ ಎಂಜಿನಿಯರುಗಳಿಗೆ ಪುಟ್ಟಿಯೇ ಗತಿ. ಇಷ್ಟಾದರೂ ಅದರ ಆವೃತ್ತಿಯ ಅಂಕಿ ಇನ್ನೂ 1ನ್ನು ಮುಟ್ಟಿಲ್ಲ!

ಪುಟ್ಟಿ ಒಂಟಿಯಲ್ಲ. ಜಪಾನಿನಲ್ಲಿ ತಕಾಶಿ ತೆರಾನಿಶಿ ಬರೆದ 'ತೇರಾ ಟರ್ಮ್' ಮುಂದೆ ಮುಕ್ತ ಆಕರವಾಗಿ ಬೇರೆಯವರ ಕೈಯಲ್ಲಿ ಬೆಳೆಯಿತು. ಲಿನಕ್ಸಿನಲ್ಲಿ 'ಮಿನಿಕಾಮ್', ಚಿತ್ರಕಿಟಕಿಯ 'ಕ್ಯೂಟ್‌ಕಾಮ್', 'ಜಿಟಿಕೆಟರ್ಮ್' ಇವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹುಟ್ಟಿದ 'ಕರ್ಮಿಟ್'ಗೆ ಗೊಂಬೆಯಾಟದ ಕಪ್ಪೆಯ ಹೆಸರು. ವಿಶ್ವವಿದ್ಯಾಲಯ 2011ರಲ್ಲಿ ಆ ಯೋಜನೆಯನ್ನು ಕೈಬಿಟ್ಟಾಗ ಅದರ ಆಕರವನ್ನು ಮುಕ್ತಗೊಳಿಸಿದ್ದರಿಂದ ಕರ್ಮಿಟ್ ಅನಾಥವಾಗಲಿಲ್ಲ.

ಫಿನ್ಲೆಂಡ್, ಕೆನಡಾ, ಇಂಗ್ಲೆಂಡ್ ಎಂಬ ಹೆಸರುಗಳನ್ನು ಓದುಗರು ಗಮನಿಸಿರಬಹುದು. ಬಲವಾದ ಗೂಢಲಿಪಿ ತಂತ್ರಾಂಶದ ರಫ್ತಿಗೆ ಅಮೆರಿಕ ಸರ್ಕಾರ 1990ರ ದಶಕದಲ್ಲಿ ಕಟ್ಟುನಿಟ್ಟಿನ ತಡೆ ಹಾಕಿತ್ತು. ಅದು ಬಹುಮಟ್ಟಿಗೆ ಸಡಿಲಗೊಂಡದ್ದು 2000ದಲ್ಲಿ. ಆ ಗಡಿಯ ಹೊರಗೆ ಕುಳಿತವರು ಬರೆದು ತೆರೆದಿಟ್ಟದ್ದರಿಂದಲೇ ಬೇರೆ ದೇಶಗಳವರಿಗೂ ಒಳ್ಳೆಯ ಬೀಗ ತಡೆಯಿಲ್ಲದೆ ದೊರೆಯಿತು.

ಒಂಬತ್ತು ಬಿಟ್‌ಗಳ ಪಾಠ

ಆಕರ ತೆರೆದಿದ್ದರೆ ತಪ್ಪೇ ಇರದು ಎಂದು ಭಾವಿಸುವಂತಿಲ್ಲ. ಪುಟ್ಟಿಯ ಕಥೆಯಲ್ಲೇ ಅದಕ್ಕೆ ಸಾಕ್ಷಿಯಿದೆ. ಮೇಲೆ ಹೇಳಿದ ಸಹಿಯ ಒಂದು ವಿಧಾನದಲ್ಲಿ ಪ್ರತಿ ಸಹಿಗೂ ಯಾರೂ ಊಹಿಸಲಾಗದ ಒಂದು ಹೊಸ ಸಂಖ್ಯೆ ಬೇಕು. ಹಳೆಯ ವಿಂಡೋಸಿನಲ್ಲಿ ನಂಬಲರ್ಹವಾದ ಯಾದೃಚ್ಛಿಕ ಸಂಖ್ಯೆಗಳು ದೊರೆಯುತ್ತಿರಲಿಲ್ಲ. ಆದ್ದರಿಂದ ಪುಟ್ಟಿ ಲೆಕ್ಕದ ಮೂಲಕ 512 ಬಿಟ್‌ಗಳ ಸಂಖ್ಯೆಯನ್ನು ಹುಟ್ಟಿಸಿಕೊಳ್ಳುತ್ತಿತ್ತು. ಆಗ ಅದು ಜಾಣತನವೇ. ಮುಂದೆ 'ಪಿ-521' ಎಂಬ ಹೊಸ ಬಗೆಯ ಕೀಲಿ ಸೇರಿದಾಗ 521 ಬಿಟ್‌ಗಳ ಸಂಖ್ಯೆ ಬೇಕಾಯಿತು. ಹಳೆಯ ಲೆಕ್ಕವೇ ಮುಂದುವರಿದದ್ದರಿಂದ ಮೊದಲ ಒಂಬತ್ತು ಬಿಟ್‌ಗಳು ಸದಾ ಸೊನ್ನೆಯಾಗಿ ಉಳಿದವು. ಸುಮಾರು 60 ಸಹಿಗಳು ಕೈಗೆ ಸಿಕ್ಕರೆ ಆ ಒಂಬತ್ತು ಸೊನ್ನೆಗಳ ಸುಳಿವಿನಿಂದ ಗುಟ್ಟಿನ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು.

2017ರಿಂದ ಇದ್ದ ಈ ಲೋಪವನ್ನು ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಕಂಡುಹಿಡಿದರು. ಏಪ್ರಿಲ್‌ನಲ್ಲಿ ತಿದ್ದಿದ ಆವೃತ್ತಿ 0.81 ಬಂದಿತು. ಆ ಬಗೆಯ ಕೀಲಿ ಬಳಸಿದವರು ತಂತ್ರಾಂಶ ಬದಲಿಸಿದರೆ ಸಾಲದು, ಕೀಲಿಯನ್ನೇ ಎಸೆದು ಹೊಸದು ಮಾಡಿಕೊಳ್ಳಬೇಕಿತ್ತು. ಏಳು ವರ್ಷ ಎಲ್ಲರ ಕಣ್ಣೆದುರಿಗಿದ್ದ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ಇಲ್ಲಿ ಯೋಚಿಸಬೇಕಾದ ಸಂಗತಿ. ಮುಕ್ತ ಆಕರ ಎಂದರೆ ನೋಡಲು ಅನುಮತಿ. ನೋಡುವವರು ಬೇಕಲ್ಲ! ಕೋಟಿಗಟ್ಟಲೆ ವಹಿವಾಟಿನ ಸಂಸ್ಥೆಗಳು ಬಳಸುವ ಸಾಧನವನ್ನು ಬೆರಳೆಣಿಕೆಯ ಸ್ವಯಂಸೇವಕರು ಕಾಯುತ್ತಿರುತ್ತಾರೆ. ಇದನ್ನರಿತು ಐರೋಪ್ಯ ಒಕ್ಕೂಟ 2019ರಲ್ಲಿ ಪುಟ್ಟಿ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ಲೋಪ ಹುಡುಕಿದವರಿಗೆ ಬಹುಮಾನ ಇಟ್ಟಿತು. ಹಲವು ದೋಷಗಳು ಆಗ ಬಯಲಾಗಿ ಸರಿಯಾದವು. ಇನ್ನೊಂದು ಅಪಾಯ ನಕಲಿಗಳದು. ಗುಪ್ತಪದ ಕದಿಯುವ ಕಳ್ಳ ಪುಟ್ಟಿಯೊಂದು 2015ರಲ್ಲಿ ಪತ್ತೆಯಾಗಿತ್ತು. ತಂತ್ರಾಂಶವನ್ನು ಅದರ ಕರ್ತೃಗಳ ತಾಣದಿಂದಲೇ ಇಳಿಸಿಕೊಳ್ಳಬೇಕೆಂಬ ಎಚ್ಚರ ಇದರಿಂದ ಬಂದದ್ದು.

ಚೌಕದೊಳಗೆ ಹಿಡಿಯದ ಕನ್ನಡ

ಕೊನೆಗೆ ನಮ್ಮ ಪ್ರಶ್ನೆ. ಈ ಕಪ್ಪು ಕಿಟಕಿಯಲ್ಲಿ ಕನ್ನಡ ಬರೆದರೆ ಏನಾಗುತ್ತದೆ? ಹಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆಯುತ್ತದೆ, ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ, ಅಳಿಸಲು ಹೋದರೆ ಕರ್ಸರ್ ಬೇರೆಲ್ಲೋ ನಿಲ್ಲುತ್ತದೆ. ಕಾರಣ ಮತ್ತೆ ಆ ಟೆಲಿಪ್ರಿಂಟರಿನದೇ. ಒಂದು ಸಂಕೇತಕ್ಕೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದೇ ಅಳತೆಯ ಚೌಕ ಎಂಬುದು ಅದರ ಮೂಲ ನಿಯಮ. ಇಂಗ್ಲಿಷಿಗೆ ಅದು ಸರಿ. ಚೀನಿ, ಜಪಾನಿ ಅಕ್ಷರಗಳಿಗೆ ಎರಡೆರಡು ಚೌಕ ಕೊಟ್ಟು ನಿಭಾಯಿಸಿದರು. ಕನ್ನಡದ ರೀತಿ ಬೇರೆ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಅದು ಸ, ತ, ರ, ಎರಡು ವಿರಾಮಚಿಹ್ನೆ ಮತ್ತು ಒಂದು ದೀರ್ಘ ಸ್ವರಚಿಹ್ನೆ ಸೇರಿ ಆರು ಸಂಕೇತ. ಟರ್ಮಿನಲ್ ಇವುಗಳನ್ನು ಬಿಡಿಬಿಡಿಯಾಗಿ ಅಳೆದು ಜಾಗ ಹಂಚುತ್ತದೆ. ಆರೂ ಕೂಡಿ ತಾಳುವ ರೂಪ ಎಷ್ಟು ಅಗಲವೆಂದು ಅದಕ್ಕೆ ತಿಳಿಯದು.

ಭಾರತೀಯ ಲಿಪಿಗಳಿಗೆ ತಕ್ಕ ಟರ್ಮಿನಲ್ ಮಾಡುವ ಪ್ರಯತ್ನ ನಡೆಯದೇ ಇಲ್ಲ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಭಾರತೀಯ ಭಾಷೆಗಳ ಟರ್ಮಿನಲ್ಲುಗಳನ್ನೂ ಕಾರ್ಡುಗಳನ್ನೂ ಕೊಟ್ಟಿತು. 1991ರಲ್ಲಿ 'ಇಸ್ಕಿ' ಸಂಕೇತ ಪಟ್ಟಿ ಭಾರತೀಯ ಮಾನಕವಾಯಿತು. ಯುನಿಕೋಡ್ ಬಳಕೆ ಹೆಚ್ಚಿದಂತೆ ಆ ಯಂತ್ರಗಳು ಮರೆಗೆ ಸರಿದವು. ಅವುಗಳೊಂದಿಗೆ, ಭಾರತೀಯ ಲಿಪಿಯೂ ಟರ್ಮಿನಲ್ಲಿನಲ್ಲಿ ಸರಿಯಾಗಿ ಮೂಡಬೇಕೆಂಬ ಒತ್ತಾಯವೂ ತಣ್ಣಗಾಯಿತು ಎನ್ನಬೇಕು.

ಟರ್ಮಿನಲ್ ಬಳಸುವವರೆಲ್ಲ ಇಂಗ್ಲಿಷ್ ಬಲ್ಲವರೇ, ಕನ್ನಡ ಏಕೆ ಎಂಬ ಮಾತು ಕೇಳಿಬರುವುದುಂಟು. ಕಡತಗಳ ಹೆಸರು, ಜನರ ಹೆಸರು, ಊರಿನ ಹೆಸರು ಕನ್ನಡದಲ್ಲಿರುವ ಮಾಹಿತಿ ದಿನೇ ದಿನೇ ಹೆಚ್ಚುತ್ತಿದೆ. ಅದನ್ನು ಕಾಯುವ ಯಂತ್ರ ಕೆಟ್ಟಾಗ, ರಿಪೇರಿಗೆ ಕುಳಿತವರ ಪರದೆಯಲ್ಲಿ ಅದು ಓದಲು ಬಾರದಂತಿದ್ದರೆ ನಷ್ಟ ಯಾರಿಗೆ?

ಅರಬ್ಬಿಯವರ ಉದಾಹರಣೆ ಇಲ್ಲಿ ಉಪಯುಕ್ತ. ಬಲದಿಂದ ಎಡಕ್ಕೆ ಹರಿಯುವ, ಪಕ್ಕದ ಅಕ್ಷರಕ್ಕೆ ತಕ್ಕಂತೆ ರೂಪ ಬದಲಿಸುವ ಆ ಲಿಪಿಯೂ ಟೆಲಿಪ್ರಿಂಟರಿನ ಚೌಕಕ್ಕೆ ಒಗ್ಗುವುದಲ್ಲ. ಆದರೂ ಪುಟ್ಟಿಯಲ್ಲಿ ಅರಬ್ಬಿ ಅಕ್ಷರಗಳು ಕೂಡಿಕೊಂಡು ಮೂಡುತ್ತವೆ. 'ಅರಬೈಸ್' ಎಂಬ ಸ್ವಯಂಸೇವಕ ಬಳಗದ ಪ್ರೋಗ್ರಾಮರ್ ಒಬ್ಬರು 2004ರ ಸುಮಾರಿಗೆ ಅದಕ್ಕೆ ಬೇಕಾದ ಭಾಗವನ್ನು ಬರೆದುಕೊಟ್ಟರು, ಕೇಂಬ್ರಿಜ್‌ನವರು ಸೇರಿಸಿಕೊಂಡರು. ಯಾವ ಕಂಪೆನಿಯ ಬಾಗಿಲಲ್ಲೂ ಅರ್ಜಿ ಹಿಡಿದು ನಿಲ್ಲಬೇಕಾಗಲಿಲ್ಲ. ಕನ್ನಡದ ಕೆಲಸ ಇದಕ್ಕಿಂತ ತುಸು ಕಠಿಣವೇ, ಆದರೆ ಆ ಆಕರ ನಮಗೂ ಅಷ್ಟೇ ತೆರೆದಿದೆ. ಬೆಂಗಳೂರಿನ ಕಚೇರಿಗಳಲ್ಲಿ ದಿನವೂ ಈ ಕಪ್ಪು ಕಿಟಕಿಯ ಮುಂದೆ ಕೂರುವ ಸಾವಿರಾರು ಕನ್ನಡಿಗರಲ್ಲಿ ನಾಲ್ವರು ಮನಸ್ಸು ಮಾಡಿದರೆ 'ಸ್ತ್ರೀ' ಒಡೆಯದೆ ನಿಂತೀತು.